ಬಿಡಿ

ನವೋತಾಸಿನ ಮೀನುಕಟ್ಟೆಯ ಹಿಂದೆ, ಮೂರನೇ ಓಣಿಯಲ್ಲಿ
ನನ್ನದೊಂದು ಗೂಡಂಗಡಿ. ಮುಂದೆ ಕಬ್ಬಿಣದ ಜಾಲರಿ,
ಜಾಲರಿಯಲ್ಲಿ ಕೈ ತೂರುವಷ್ಟು ಕಿಂಡಿ.
ಮೂವತ್ತು ವರ್ಷದಿಂದ ಈ ಓಣಿಯ ಮುಖಗಳಿಗಿಂತ
ಅಂಗೈಗಳೇ ನನಗೆ ಹೆಚ್ಚು ಪರಿಚಯ.

ಇಲ್ಲಿ ಎಲ್ಲವೂ ಬಿಡಿ.
ಒಂದು ಸಿಗರೇಟು, ಒಂದು ತಲೆಗೆ ಸಾಕಾಗುವ ಶಾಂಪೂ,
ಪ್ಲಾಸ್ಟಿಕ್ ಚೀಲದ ಮೂಲೆಗೆ ಗಂಟು ಹಾಕಿದ ಎರಡು ಚಮಚ ಎಣ್ಣೆ,
ಮೂರೆಸಳು ಬೆಳ್ಳುಳ್ಳಿ.
ದಿನಗೂಲಿಯವರು ದಿನವನ್ನಷ್ಟೇ ಕೊಳ್ಳಬಲ್ಲರು,
ತಿಂಗಳನ್ನು ಕೊಳ್ಳುವವರು ಈ ಕಡೆ ಬರುವುದಿಲ್ಲ.

ಮಾತ್ರೆಯೂ ಹಾಗೆಯೇ.
ಬಿಸ್ಕತ್ತಿನ ಗಾಜಿನ ಡಬ್ಬಿಯಲ್ಲಿ
ಕೆಂಪು ಟೋಪಿ, ಹಳದಿ ಅಂಗಿಯ ಕ್ಯಾಪ್ಸೂಲುಗಳು.
ಹಲ್ಲುನೋವಿಗೆ ಒಂದು. ಕೆಮ್ಮಿಗೆ ಎರಡು.
ಬಲೆಯ ಹಗ್ಗ ಕೊಯ್ದ ಗಾಯಕ್ಕೆ
ಟೋಪಿ ಕಳಚಿ ಪುಡಿ ಉದುರಿಸಲು ಒಂದು.
ಉರಿಮೂತ್ರ ಎಂದು ಪಿಸುಗುಟ್ಟುವ ಹುಡುಗಿಗೆ ಮೂರು.
ವೈದ್ಯರ ಚೀಟಿ ಯಾರೂ ತರಲಿಲ್ಲ, ನಾನೂ ಕೇಳಲಿಲ್ಲ.
ಕತ್ತರಿ ಆಡಿಸುವಾಗ ಔಷಧದ ಹೆಸರೂ ತುಂಡಾಗುತ್ತಿತ್ತು:
ಒಬ್ಬರ ಕೈಗೆ ‘ಅಮಾಕ್ಸಿ’, ಇನ್ನೊಬ್ಬರಿಗೆ ‘ಸಿಲಿನ್’.
ಪೂರ್ತಿ ಹೆಸರು ಓಣಿಯಲ್ಲಿ ಯಾರ ಬಳಿಯೂ ಇರಲಿಲ್ಲ.
ಗಡುವಿನ ದಿನಾಂಕ ಇದ್ದದ್ದು ಅಂಚಿನ ತುಂಡಿನಲ್ಲಿ,
ಅದನ್ನು ಯಾರಿಗೆ ಮಾರಿದೆನೋ.

ಜೊವಿಲಿನ್ ಮೀನು ಸೀಳುವವಳು.
ಬೆರಳ ಸಂದಿನಲ್ಲಿ ಸದಾ ಒಂದೆರಡು ಹುರುಪೆ ಮಿನುಗುವ ಕೈ.
‘ಮಿಂಡಜ್ಜಿ, ಜೆರ್ವಿನ್‌ಗೆ ಜ್ವರ. ಎರಡು.’
ಪುಡಿಯನ್ನು ಸಕ್ಕರೆಯಲ್ಲಿ ಕಲಸಿ ತಿನ್ನಿಸಿದಳು.
ಮರುದಿನ ಹುಡುಗ ಓಣಿಯಲ್ಲಿ ಟಯರು ಉರುಳಿಸುತ್ತಿದ್ದ.
‘ಇನ್ನೆರಡು ಬೇಡವೇ?’ ಎಂದೆ.
‘ಆಡುತ್ತಿದ್ದಾನಲ್ಲ, ಬಿಡಿ.’
ಉಳಿದ ದುಡ್ಡಿಗೆ ಅಕ್ಕಿ ಕೊಂಡಳು.
ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.
ಮಾಡಿದ್ದೇನೆ.

ಮಳೆಗಾಲಕ್ಕೆ ಮತ್ತೆ ಎರಡು. ಕ್ರಿಸ್‌ಮಸ್‌ಗೆ ಮೂರು.
ಪ್ರತಿ ಸಲವೂ ಗೆದ್ದ ಹಾಗೇ.
ಅರ್ಧ ಹೊಡೆದ ಹಾವು ಬಿಲ ಸೇರಿ
ಹೊಡೆದವರ ಹೆಜ್ಜೆಸದ್ದು ಕಲಿಯುತ್ತದೆ ಎಂದಿದ್ದಳು ಅಮ್ಮ.
ಹಾವಿನ ವಿಷಯ ಹೇಳಿದ್ದಳು,
ಜ್ವರದ ವಿಷಯ ಹೇಳಿರಲಿಲ್ಲ.

ಈ ಸಲ ಜ್ವರ ಬಗ್ಗಲಿಲ್ಲ.
ಜೀಪ್ನಿಯಲ್ಲಿ ಅವನ ತಲೆ ನನ್ನ ತೊಡೆಯ ಮೇಲೆ,
ಒಲೆಯಿಂದ ಈಗಷ್ಟೇ ಇಳಿಸಿದ ಪಾತ್ರೆ.
ಸರಕಾರಿ ಆಸ್ಪತ್ರೆ, ಒಂದು ಮಂಚಕ್ಕೆ ಎರಡು ಮಕ್ಕಳು.
ನಾಲ್ಕನೆಯ ದಿನ ಎಳೆಯ ಡಾಕ್ಟರಮ್ಮ ಕಾಗದ ತಂದಳು.
ಎಡಗಡೆ ಹೆಸರುಗಳು, ಒಂದರ ಕೆಳಗೊಂದು,
ಬಲಗಡೆ ಒಂದೊಂದಕ್ಕೂ ಒಂದಕ್ಷರ.
ಥೇಟ್ ನನ್ನ ಸಾಲದ ಪುಸ್ತಕ.
‘ಆರ್,’ ಎಂದು ಬೆರಳಿಟ್ಟಳು. ‘ಅಂದರೆ ಇದು ನಾಟುವುದಿಲ್ಲ.
ಇದೂ ಆರ್. ಇದೂ. ಇದೂ.’
ಮೊದಲ ನಾಲ್ಕು ಹೆಸರು ಓದಿದೆ,
ಇಷ್ಟು ವರ್ಷದಲ್ಲಿ ಮೊದಲ ಸಲ, ತುಂಡಾಗದೆ.
ನಾಲ್ಕೂ ನನ್ನ ಡಬ್ಬಿಯಲ್ಲಿದ್ದವು.

ಕೊನೆಯ ಸಾಲಿಗೆ ಬೇರೆ ಅಕ್ಷರ.
ಸೂಜಿಯಲ್ಲಿ ಕೊಡುವುದು. ಒಂದು ಸೀಸೆಯ ಬೆಲೆಗೆ
ಜೊವಿಲಿನ್ ಹನ್ನೊಂದು ದಿನ ಮೀನು ಸೀಳಬೇಕು.
ಬೇಕಾದ್ದು ಹದಿನಾಲ್ಕು ಸೀಸೆ.
ಬಿಡಿಯಾಗಿ ತಂದು ನಡುವೆ ನಿಲ್ಲಿಸುವ ಹಾಗಿಲ್ಲ.

ಅವಳು ನನ್ನನ್ನು ಬೈಯಲಿಲ್ಲ.
ಕಡ ಕೇಳಿದಳು, ಇದ್ದಷ್ಟು ಕೊಟ್ಟೆ.
ರಾತ್ರಿ ಪುಸ್ತಕ ತೆರೆದು ಪೆನ್ನು ಹಿಡಿದು ಕೂತೆ.
ಯಾರ ಹೆಸರಿನ ಮುಂದೆ ಬರೆಯಲಿ ತಿಳಿಯಲಿಲ್ಲ.

ಜೆರ್ವಿನ್ ಇನ್ನೂ ಅಲ್ಲೇ ಇದ್ದಾನೆ.
ಈಗ ಕಿಂಡಿಯಲ್ಲೊಂದು ಕೈ,
ಪರಿಚಯವಿಲ್ಲದ್ದು, ಉಗುರಲ್ಲಿ ಗ್ರೀಸು.
‘ಮಗಳಿಗೆ ಗಂಟಲುನೋವು. ಎರಡು ಕೊಡಿ.’
‘ಮುಗಿದಿದೆ. ಡಾಕ್ಟರಿಗೆ ತೋರಿಸಿ.’
‘ಅಲ್ಲೇ ಇದೆಯಲ್ಲ, ನಿಮ್ಮ ಬೆನ್ನ ಹಿಂದೆ.’
ತಿರುಗಿ ನೋಡಿದೆ,
ಈಗಷ್ಟೇ ಅದನ್ನು ಕಂಡವಳ ಹಾಗೆ.
‘ಹೋಗಲಿ ಬಿಡಿ,’ ದನಿ ತಗ್ಗಿಸುತ್ತಾನೆ,
‘ಒಂದಾದರೂ ಸಾಕು.’

ಕೈ ಕಿಂಡಿಯಲ್ಲೇ ಇದೆ.